ಮಗನ ಸೀಟಿಗೆ ಚಿನ್ನ ಅಡ ಇಡುವ ಮೊದಲು

ಪ್ರಶ್ನೆ: ನಾವಿರುವುದು ಡೊಂಬಿವಲಿಯಲ್ಲಿ. ಊರು ಕುಂದಾಪುರದ ಹತ್ತಿರ. ನಮ್ಮ ಯಜಮಾನರು ಘಾಟ್ಕೋಪರ್‌ನ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ತಿಂಗಳಿಗೆ 48,000 ಬರುತ್ತದೆ. ಮಗನಿಗೆ 17 ವರ್ಷ, ಹನ್ನೆರಡನೆಯ ಸೈನ್ಸ್. ಓದಿನಲ್ಲಿ ಮಧ್ಯಮ. ಕಂಪ್ಯೂಟರ್ ಇಂಜಿನಿಯರಿಂಗೇ ಬೇಕು ಅನ್ನುತ್ತಾನೆ. ಒಬ್ಬ ಏಜೆಂಟ್ ನವಿ ಮುಂಬಯಿಯ ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು ಕೊಡಿಸುತ್ತೇನೆ ಎಂದಿದ್ದಾನೆ. ವರ್ಷಕ್ಕೆ 2 ಲಕ್ಷ ಫೀಸು, ಜೊತೆಗೆ 3 ಲಕ್ಷ ಡೊನೇಷನ್, ಅದು ನಗದು. ನನ್ನ ಚಿನ್ನ ಅಡ ಇಟ್ಟು ಡೊನೇಷನ್ ಕಟ್ಟುವುದು, ಫೀಸಿಗೆ ಬ್ಯಾಂಕ್ ಸಾಲ ಮಾಡುವುದು ಅಂತ ಇವರ ಯೋಚನೆ. ಪಿಂಪ್ರಿಯಲ್ಲಿರುವ ನನ್ನ ತಮ್ಮ, "ಡಿಪ್ಲೊಮಾ ಮಾಡಿಸಿ, ಅಪ್ರೆಂಟಿಸ್ ಆಗಲಿ" ಅನ್ನುತ್ತಾನೆ. ಇವರಿಗೆ ಆ ಮಾತೇ ಆಗುವುದಿಲ್ಲ. ಇವರು ಹೋಟೆಲಿನಲ್ಲಿ ದುಡಿದು ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಎಸ್‌ಎಸ್‌ಸಿ ಮುಗಿಸಿದವರು. "ನಾನು ಪಟ್ಟದ್ದು ಸಾಕು" ಅನ್ನುತ್ತಾರೆ. ಮಗನಿಗೆ ದುಡ್ಡಿನ ಬೆಲೆ ಗೊತ್ತಿಲ್ಲ. ಅಪ್ಪನ ಫೋನಿನ ಪಿನ್ ಅವನಿಗೆ ಗೊತ್ತು, ಪಿಜ್ಜಾ, ಶೂ ಅಂತ ಅದರಿಂದ ದುಡ್ಡು ಕಳಿಸುತ್ತಲೇ ಇರುತ್ತಾನೆ. ಅವನು ಮಲಗಿದ ಮೇಲೆ ನಾವಿಬ್ಬರೂ ಕೂತು ಲೆಕ್ಕ ಹಾಕುತ್ತೇವೆ. ಮಗಳು ಒಂಬತ್ತನೆಯ ಕ್ಲಾಸು. ಏನು ಮಾಡಲಿ?

ಉತ್ತರ: ನಮಸ್ಕಾರ ಅಕ್ಕ. ನೀವು ಕೇಳಿದ್ದು ಎರಡು ಪ್ರಶ್ನೆ. ಕಾಲೇಜಿಗೆ ಇಷ್ಟು ಸುರಿಯಬೇಕಾ ಅನ್ನುವುದು ಒಂದು, ಮಗನಿಗೆ ದುಡ್ಡಿನ ಬೆಲೆ ಕಲಿಸುವುದು ಹೇಗೆ ಅನ್ನುವುದು ಇನ್ನೊಂದು. ನನಗೆ ಇವೆರಡೂ ಒಂದೇ ಪ್ರಶ್ನೆಯಾಗಿ ಕಾಣುತ್ತವೆ. ಆ ಹುಡುಗನಿಗಾಗಿ ನಿಮ್ಮ ಮನೆಯಲ್ಲಿ ಆಗಲಿರುವ ಎಲ್ಲಕ್ಕಿಂತ ದೊಡ್ಡ ಖರ್ಚು ಈ ಸೀಟು. ನಾಲ್ಕು ವರ್ಷದ ಫೀಸು 8 ಲಕ್ಷ, ಡೊನೇಷನ್ 3 ಲಕ್ಷ, ಒಟ್ಟು 11 ಲಕ್ಷ. ಅದನ್ನು ಅವನು ಮಲಗಿದ ಮೇಲೆ ಮಾತಾಡುತ್ತೀರಿ. 300 ರೂಪಾಯಿಯ ಪಿಜ್ಜಾಕ್ಕೆ ಅವನಿಗೆ ಬೈಗುಳ ಬೀಳುತ್ತದೆ, 11 ಲಕ್ಷದ ಮಾತು ಮಾತ್ರ ಅವನ ಕಿವಿಗೆ ಬೀಳುವುದೇ ಇಲ್ಲ. ಹೀಗಾದರೆ ದುಡ್ಡಿನ ಬೆಲೆ ಅವನಿಗೆ ಗೊತ್ತಾಗುವುದು ಹೇಗೆ? ಅವನನ್ನು ಎಬ್ಬಿಸಿ ಕೂರಿಸಿಕೊಂಡೇ ಆ ಲೆಕ್ಕ ಹಾಕಿ. ಮುಂದೆ ನಾನು ಬರೆಯುವುದೆಲ್ಲ ಮೂವರೂ ಒಟ್ಟಿಗೆ ಓದಲಿ ಅಂತಲೇ ಬರೆಯುತ್ತಿದ್ದೇನೆ.

ಮೊದಲು ಆ 3 ಲಕ್ಷದ ವಿಷಯ ಮುಗಿಸೋಣ. ಕೊಡಬೇಡಿ. ಮಹಾರಾಷ್ಟ್ರದಲ್ಲಿ ಕ್ಯಾಪಿಟೇಶನ್ ಫೀ, ಅಂದರೆ ಸೀಟಿಗಾಗಿ ತೆಗೆದುಕೊಳ್ಳುವ ಇಂಥ ಡೊನೇಷನ್, ನಿಷೇಧಿಸುವ ಕಾನೂನು 1987ರಿಂದ ಇದೆ. ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳ ಫೀಸನ್ನು ತೀರ್ಮಾನಿಸಲು 2015ರ ಕಾನೂನಿನಡಿ ಶುಲ್ಕ ನಿಯಂತ್ರಣ ಪ್ರಾಧಿಕಾರವಿದೆ. ಎಫ್‌ಆರ್‌ಎ ಅಂದರೆ ಅದೇ. ಯಾವ ಕಾಲೇಜು ಎಷ್ಟು ತೆಗೆದುಕೊಳ್ಳಬಹುದು ಎಂದು ಅವರ ವೆಬ್‌ಸೈಟಿನಲ್ಲೇ ನೋಡಬಹುದು. ಅದಕ್ಕಿಂತ ಜಾಸ್ತಿ ಕೇಳಿದರೆ, ಅದರಲ್ಲೂ ರಸೀದಿ ಇಲ್ಲದೆ ನಗದು ಕೇಳಿದರೆ, ಅದು ಕಾನೂನಿನ ಹೊರಗಿನ ದುಡ್ಡು. ನಾಳೆ ಸೀಟು ಸಿಗದೆ ಹೋದರೆ ಕೇಳಲು ನಿಮ್ಮ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಯಾವ ಬ್ಯಾಂಕೂ ಆ ದುಡ್ಡಿಗೆ ಸಾಲ ಕೊಡುವುದಿಲ್ಲ. ಅದಕ್ಕೇ ನಿಮ್ಮ ಚಿನ್ನದ ಮಾತು ಬಂದದ್ದು. "ಈ ವಾರ ಕೊಡದಿದ್ದರೆ ಸೀಟು ಹೋಗುತ್ತದೆ" ಅಂತ ಏಜೆಂಟ್ ಅವಸರ ಮಾಡುತ್ತಿರಬೇಕು. ಆ ಅವಸರಕ್ಕೆ ಹೆದರಬೇಡಿ.

ಈಗ ಉಳಿದ 8 ಲಕ್ಷ. ಒಂದು ಹಾಳೆ ತೆಗೆದುಕೊಂಡು ಮಗನ ಕೈಯಲ್ಲೇ ಬರೆಸಿ. ವರ್ಷಕ್ಕೆ 2 ಲಕ್ಷದಂತೆ ನಾಲ್ಕು ವರ್ಷ ಸಾಲ. ಬಡ್ಡಿ ನೂರಕ್ಕೆ 10 ಎಂದು ಇಟ್ಟುಕೊಳ್ಳಿ. ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ ಅಂತ ಬ್ಯಾಂಕಿನವರು ಹೇಳುತ್ತಾರೆ. ನಿಜವೇ. ಆದರೆ ಬಡ್ಡಿ ಮೊದಲ ದಿನದಿಂದ ಓಡುತ್ತಿರುತ್ತದೆ. ಮೊದಲ ವರ್ಷದ 2 ಲಕ್ಷಕ್ಕೆ ಐದು ವರ್ಷದ ಬಡ್ಡಿ, 1 ಲಕ್ಷ. ಎರಡನೆಯದಕ್ಕೆ 80,000. ಮೂರನೆಯದಕ್ಕೆ 60,000. ನಾಲ್ಕನೆಯದಕ್ಕೆ 40,000. ಇದು ಬರೀ ಸರಳ ಬಡ್ಡಿ. ಒಟ್ಟು 2 ಲಕ್ಷ 80 ಸಾವಿರ. ಅಂದರೆ ಮೊದಲ ಕಂತು ಕಟ್ಟುವ ದಿನ ಸಾಲ 10 ಲಕ್ಷ 80 ಸಾವಿರ ಆಗಿರುತ್ತದೆ. ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 14,270. ತೀರುವ ಹೊತ್ತಿಗೆ ಕೊಟ್ಟದ್ದು 17 ಲಕ್ಷ ದಾಟಿರುತ್ತದೆ.

ಇದರ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಬರೆಸಿ. ದೊಡ್ಡ ಐಟಿ ಕಂಪನಿಗಳು ಸಾಮಾನ್ಯ ಕಾಲೇಜಿನಿಂದ ಬಂದ ಹೊಸಬರಿಗೆ ಕೊಡುವ ಸಂಬಳ ಎಷ್ಟೋ ವರ್ಷದಿಂದ ವರ್ಷಕ್ಕೆ 3ರಿಂದ 4 ಲಕ್ಷದ ಆಸುಪಾಸಿನಲ್ಲೇ ಇದೆ. ಕೈಗೆ ಬರುವುದು ತಿಂಗಳಿಗೆ 25,000 ಅಂದುಕೊಳ್ಳಿ. ಕಂತು ಹೋಗಿ ಉಳಿಯುವುದು 10,730. ಅದರಲ್ಲಿ ಟ್ರೈನ್ ಪಾಸ್, ಊಟ, ಫೋನು, ಮನೆಗೆ ಸ್ವಲ್ಪ. ಬೇರೆ ಊರಿನಲ್ಲಿ ಕೆಲಸ ಸಿಕ್ಕರೆ ರೂಮಿನ ಬಾಡಿಗೆ ಬೇರೆ. ಇದೂ ಕೂಡ ಕೆಲಸ ಸಿಕ್ಕರೆ ಮಾತ್ರ.

ಈ ಲೆಕ್ಕ ತೋರಿಸಿ ಅವನನ್ನು ಹೆದರಿಸಿ ಅಂತ ನಾನು ಹೇಳುತ್ತಿಲ್ಲ. 17 ವರ್ಷದ ಹುಡುಗನಿಗೆ ಈ ಗಣಿತ ಕಷ್ಟವಲ್ಲ, ಸಿಇಟಿಗೆ ಇದಕ್ಕಿಂತ ಕಷ್ಟದ್ದು ಮಾಡುತ್ತಾನೆ. ಯಾರೂ ಅವನ ಮುಂದೆ ಈ ಲೆಕ್ಕ ಇಟ್ಟಿಲ್ಲ, ಅಷ್ಟೇ. ಲೆಕ್ಕ ಕೊಟ್ಟರೆ ಮಕ್ಕಳು ದೊಡ್ಡವರಂತೆ ಯೋಚನೆ ಮಾಡುತ್ತಾರೆ. ಇದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಹಾಗಂತ ಇಂಜಿನಿಯರಿಂಗ್ ಬೇಡವೇ ಬೇಡ ಅನ್ನುವುದೂ ನನ್ನ ಮಾತಲ್ಲ. ಅದೇ ಡಿಗ್ರಿಯನ್ನು ಅರ್ಧ ಬೆಲೆಗೆ ಮಾಡುವ ದಾರಿ ಇದೆ. ಸರ್ಕಾರದ ಸಿಇಟಿ ಸೆಲ್ ಅಂಕದ ಮೇಲೆ ಸೀಟು ಹಂಚುವ ಕ್ಯಾಪ್ ರೌಂಡಿನಲ್ಲಿ ಸೀಟು ತೆಗೆದುಕೊಂಡರೆ ರಾಜರ್ಷಿ ಛತ್ರಪತಿ ಶಾಹು ಮಹಾರಾಜ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಮನೆಯ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿದ್ದರೆ ಟ್ಯೂಷನ್ ಫೀಸಿನ ಅರ್ಧ ಸರ್ಕಾರ ಕೊಡುತ್ತದೆ. ನಿಮ್ಮದು 5 ಲಕ್ಷ 76 ಸಾವಿರ. ನೀವು ಒಳಗಿದ್ದೀರಿ. ಆದರೆ ಮ್ಯಾನೇಜ್‌ಮೆಂಟ್ ಸೀಟಿಗೆ ಇದು ಇಲ್ಲ. ಏಜೆಂಟ್ ಈ ಮಾತನ್ನು ನಿಮಗೆ ಹೇಳಿರಲಾರ. ಇನ್ನೊಂದು ಟಿಎಫ್‌ಡಬ್ಲ್ಯುಎಸ್, ಅಂದರೆ ಟ್ಯೂಷನ್ ಫೀಸು ಮಾಫಿಯ ಯೋಜನೆ. ಪ್ರತಿ ಕೋರ್ಸಿನಲ್ಲಿ ಶೇಕಡಾ 5ರಷ್ಟು ಹೆಚ್ಚುವರಿ ಸೀಟುಗಳಿರುತ್ತವೆ, ಅದರಲ್ಲಿ ಟ್ಯೂಷನ್ ಫೀಸೇ ಇಲ್ಲ. ಇದಕ್ಕೂ ಆದಾಯದ ಮಿತಿ 8 ಲಕ್ಷ. ಕಟ್‌ಆಫ್ ಮೇಲಿರುತ್ತದೆ, ಸಿಗುವುದು ಕಷ್ಟ, ಆದರೂ ಬೇಕಾದ ಕಾಲೇಜುಗಳನ್ನು ಬರೆದುಕೊಡುವ ಆಪ್ಷನ್ ಫಾರ್ಮಿನಲ್ಲಿ ಹಾಕಲು ದುಡ್ಡೇನೂ ಹೋಗುವುದಿಲ್ಲ.

ಇಲ್ಲಿ ನಮ್ಮ ಜನ ಎಡವುವುದು ಕಾಗದಪತ್ರದಲ್ಲಿ. ಸಾಮಾನ್ಯವಾಗಿ ಮಗ ಹತ್ತು, ಹನ್ನೆರಡು ಎರಡನ್ನೂ ಮಹಾರಾಷ್ಟ್ರದಲ್ಲೇ ಓದಿರಬೇಕು, ಜೊತೆಗೆ ಇಲ್ಲೇ ಹುಟ್ಟಿರಬೇಕು ಅಥವಾ ಡೊಮಿಸೈಲ್ ಸರ್ಟಿಫಿಕೇಟ್ (ಈ ರಾಜ್ಯದ ನಿವಾಸಿ ಎನ್ನುವ ಪ್ರಮಾಣಪತ್ರ) ಇರಬೇಕು. ಊರಿನ ಅಜ್ಜಿ ಮನೆಯಲ್ಲಿ ಹತ್ತನೆಯವರೆಗೆ ಓದಿಸಿ ಆಮೇಲೆ ಮುಂಬಯಿಗೆ ಕರೆಸಿಕೊಂಡ ಮನೆಗಳಿಗೆ ಇಲ್ಲಿ ತೊಂದರೆಯಾಗಬಹುದು. ಕರ್ನಾಟಕದ ಜಾತಿ ಪ್ರಮಾಣಪತ್ರ ಸಾಮಾನ್ಯವಾಗಿ ಇಲ್ಲಿನ ಮೀಸಲಾತಿಗೆ ನಡೆಯುವುದಿಲ್ಲ, ಅದನ್ನೇ ನಂಬಿ ಕೂರಬೇಡಿ.

ಬ್ಯಾಂಕ್ ಸಾಲ ಬೇಕಾದರೂ ಮೊದಲು ಕೇಳಬೇಕಾದ್ದು ಪಿಎಂ ವಿದ್ಯಾಲಕ್ಷ್ಮಿ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ. ಅಡಮಾನ ಬೇಡ, ಜಾಮೀನುದಾರ ಬೇಡ. ಆದಾಯ 8 ಲಕ್ಷದ ಒಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿಯಲ್ಲಿ ಬಡ್ಡಿಯಲ್ಲಿ ಶೇಕಡಾ 3 ಕಡಿಮೆಯಾಗುತ್ತದೆ. ಆದರೆ ಪಟ್ಟಿಯಲ್ಲಿರುವ ಒಳ್ಳೆಯ ಸಂಸ್ಥೆಗಳಿಗೆ ಮಾತ್ರ. ಏಜೆಂಟ್ ಹೇಳಿದ ಕಾಲೇಜು ಆ ಪಟ್ಟಿಯಲ್ಲಿದೆಯಾ ಅಂತ ಮಗನೇ ಹುಡುಕಲಿ. ಇಲ್ಲದಿದ್ದರೆ ಅದೂ ನಿಮಗೊಂದು ಸೂಚನೆ.

ಇನ್ನು ನಿಮ್ಮ ತಮ್ಮನ ಮಾತು. ಅದಕ್ಕೆ ನಿಮ್ಮ ಮನೆಯಲ್ಲಿ ಸಿಕ್ಕ ಮರ್ಯಾದೆ ಕಡಿಮೆ ಅನ್ನಿಸುತ್ತದೆ ನನಗೆ. ಪಿಂಪ್ರಿ-ಚಿಂಚ್ವಡ್‌ನಲ್ಲಿ ಇದ್ದವರು ಹಾಗೆ ಹೇಳುವುದು ಸುಮ್ನೆ ಅಲ್ಲ. ಅಲ್ಲಿ ಟಾಟಾ ಮೋಟಾರ್ಸ್‌ನಂಥ ಕಾರ್ಖಾನೆಗಳಲ್ಲಿ ಅಪ್ರೆಂಟಿಸ್ ಆಗಿ ಒಳಗೆ ಹೋಗಿ, ಸೂಪರ್‌ವೈಸರ್ ಆಗಿ ನಿವೃತ್ತರಾದವರು ಒಂದು ಇಡೀ ತಲೆಮಾರಿನಷ್ಟಿದ್ದಾರೆ. ಅವರ ಮನೆ, ಮಕ್ಕಳ ಓದು ಎಲ್ಲ ಅದರಿಂದಲೇ ಆಗಿದೆ.

ಹನ್ನೆರಡನೆಯ ಸೈನ್ಸ್ ಮುಗಿಸಿದವನು ಪಾಲಿಟೆಕ್ನಿಕ್‌ನಲ್ಲಿ ನೇರವಾಗಿ ಎರಡನೆಯ ವರ್ಷಕ್ಕೆ ಸೇರಬಹುದು. ಎರಡು ವರ್ಷದಲ್ಲಿ ಡಿಪ್ಲೊಮಾ. ಬಾಂದ್ರಾದಲ್ಲಿ ಸರ್ಕಾರಿ ಪಾಲಿಟೆಕ್ನಿಕ್ ಇದೆ, ಪುಣೆಯ ಶಿವಾಜಿನಗರದಲ್ಲೂ ಇದೆ. ಅಲ್ಲಿ ವರ್ಷದ ಫೀಸು ಸಾವಿರದ ಲೆಕ್ಕದಲ್ಲಿರುತ್ತದೆ, ಲಕ್ಷದ ಲೆಕ್ಕದಲ್ಲಲ್ಲ. ಡಿಪ್ಲೊಮಾದಲ್ಲಿ ಅಂಕ ಚೆನ್ನಾಗಿ ಬಂದರೆ ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರ ಪ್ರವೇಶ. ಅಲ್ಲಿ ಮೂರು ವರ್ಷ. ಎರಡು ಮತ್ತು ಮೂರು, ಒಟ್ಟು ಐದು. ನೇರವಾಗಿ ಹೋದವನಿಗೆ ನಾಲ್ಕು. ವ್ಯತ್ಯಾಸ ಒಂದೇ ವರ್ಷ! ಆ ಒಂದು ವರ್ಷಕ್ಕೆ ಬದಲಾಗಿ ದುಬಾರಿ ಫೀಸಿನ ಒಂದು ವರ್ಷ ಉಳಿಯುತ್ತದೆ, ಮಧ್ಯದಲ್ಲಿ ಕೈಗೊಂದು ಸರ್ಟಿಫಿಕೇಟ್ ಬರುತ್ತದೆ, ಡಿಗ್ರಿ ನಿಜವಾಗಿ ಬೇಕಾ ಅಂತ ಯೋಚಿಸಲು ಸಮಯವೂ ಸಿಗುತ್ತದೆ. ಮಧ್ಯಮ ಅಂಕದ ಹುಡುಗರಿಗೆ ನಾನು ಹೆಚ್ಚಾಗಿ ಹೇಳುವುದು ಈ ದಾರಿಯನ್ನೇ. ಸಿಇಟಿಯ ಒಂದು ದಿನದಲ್ಲಿ ಸೋತವನು ಎರಡು ವರ್ಷದ ದುಡಿಮೆಯಲ್ಲಿ ಗೆಲ್ಲಬಹುದು.

ಅಪ್ರೆಂಟಿಸ್ ಅಂದರೆ ಏನು ಅಂತ ಸರಿಯಾಗಿ ಹೇಳುತ್ತೇನೆ, ಯಾಕೆಂದರೆ ಇದರ ಬಗ್ಗೆ ನಮ್ಮವರಲ್ಲಿ ತಪ್ಪು ತಿಳಿವಳಿಕೆ ಜಾಸ್ತಿ. ಇದು ಸರ್ಕಾರದ ಕಾನೂನಿನಡಿ ನಡೆಯುವ ತರಬೇತಿ. ಅಪ್ರೆಂಟಿಸಸ್ ಆಕ್ಟ್ ಬಂದದ್ದು 1961ರಲ್ಲಿ. 2019ರ ತಿದ್ದುಪಡಿಯ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆ, ತನ್ನ ಕೆಲಸಗಾರರ ಸಂಖ್ಯೆಯ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಕರಾರು ಪತ್ರ ಇರುತ್ತದೆ. ಹುಡುಗನಿಗೆ 18 ಆಗಿಲ್ಲದಿದ್ದರೆ ಅಪ್ಪ-ಅಮ್ಮ ಸಹಿ ಹಾಕಬೇಕು. ತಿಂಗಳು ತಿಂಗಳು ಸ್ಟೈಪೆಂಡ್ ಬರುತ್ತದೆ. 2019ರ ನಿಯಮದಲ್ಲಿ ಕನಿಷ್ಠ ಮೊತ್ತ ಓದಿಗೆ ತಕ್ಕಂತೆ 5,000ದಿಂದ 9,000. ಡಿಪ್ಲೊಮಾ ಆದವರಿಗೆ 8,000, ಡಿಗ್ರಿ ಆದವರಿಗೆ 9,000. ಇದನ್ನು 6,800ರಿಂದ 12,300ಕ್ಕೆ ಏರಿಸಬೇಕು ಎಂದು 2025ರ ಮೇ ತಿಂಗಳಲ್ಲಿ ಕೇಂದ್ರದ ಅಪ್ರೆಂಟಿಸ್‌ಶಿಪ್ ಮಂಡಳಿ ಶಿಫಾರಸು ಮಾಡಿತು. ಇವು ಕನಿಷ್ಠ ಮೊತ್ತ ಮಾತ್ರ. ಇದಕ್ಕಿಂತ ಜಾಸ್ತಿ ಕೊಡುವ ಕಂಪನಿಗಳಿವೆ.

ಮುಂಬಯಿಯಲ್ಲೇ ಒಳ್ಳೆಯ ಜಾಗಗಳಿವೆ. ಮಜಗಾಂವ್ ಡಾಕ್‌ನಲ್ಲಿ ಅಪ್ರೆಂಟಿಸ್ ತರಬೇತಿ ಶಾಲೆಯೇ ಇದೆ. ನೌಕಾಪಡೆಯ ಯುದ್ಧನೌಕೆ, ಜಲಾಂತರ್ಗಾಮಿ ಕಟ್ಟುವ ಜಾಗ ಅದು. ಎಂಟನೆಯ ಕ್ಲಾಸು, ಹತ್ತನೆಯ ಕ್ಲಾಸು, ಐಟಿಐ ಮುಗಿಸಿದವರಿಗೆ ಬೇರೆ ಬೇರೆ ಗುಂಪಿನಲ್ಲಿ ಅವಕಾಶ ಕೊಡುತ್ತಾರೆ. ಸೆಂಟ್ರಲ್ ರೈಲ್ವೆಯ ಪರೇಲ್, ಮಾಟುಂಗಾ ವರ್ಕ್‌ಶಾಪ್‌ಗಳು, ವೆಸ್ಟರ್ನ್ ರೈಲ್ವೆಯ ಲೋವರ್ ಪರೇಲ್ ವರ್ಕ್‌ಶಾಪ್ ಐಟಿಐ ಆದವರನ್ನು ತೆಗೆದುಕೊಳ್ಳುತ್ತವೆ. ಪರೀಕ್ಷೆ ಇಲ್ಲ, ಹತ್ತನೆಯ ಮತ್ತು ಐಟಿಐ ಅಂಕದ ಮೇಲೆ ಆಯ್ಕೆ. ರೈಲ್ವೆಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಲೆವೆಲ್ 1, ಅಂದರೆ ಮೊದಲ ಹಂತದ ಹುದ್ದೆಗಳ ನೇಮಕದಲ್ಲಿ ಶೇಕಡಾ 20 ಮೀಸಲಿದೆ. ಡಿಪ್ಲೊಮಾ, ಡಿಗ್ರಿ ಆದವರಿಗೆ ಎನ್‌ಎಟಿಎಸ್ ಅಂತ ಬೇರೆ ಪೋರ್ಟಲ್ ಇದೆ, ಅದರ ಪಶ್ಚಿಮ ವಲಯದ ಕಚೇರಿ ಸಯನ್‌ನಲ್ಲೇ ಇದೆ. ಉಳಿದವರು ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ಹೆಸರು ಹಾಕಬೇಕು. ಸಣ್ಣ ಅರ್ಜಿ ಶುಲ್ಕ ಬಿಟ್ಟು ಅಪ್ರೆಂಟಿಸ್ ಆಗಲು ಯಾರಿಗೂ ದುಡ್ಡು ಕೊಡಬೇಕಾಗಿಲ್ಲ. ಕೇಳುವವನು ಮೋಸಗಾರ.

ಇದರ ಕಷ್ಟದ ಮುಖವನ್ನೂ ಹೇಳಬೇಕು. ಕಾನೂನಿನ ಪ್ರಕಾರ ಅಪ್ರೆಂಟಿಸ್ ಕೆಲಸಗಾರನಲ್ಲ, ತರಬೇತಿ ಪಡೆಯುವವನು. ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕು ಎಂದು ಕರಾರಿನಲ್ಲಿ ಬರೆದಿದ್ದರೆ ಹೊರತು ಕಂಪನಿಗೆ ಆ ಹೊಣೆ ಇಲ್ಲ. ಕೆಲವು ಕಡೆ ಅಗ್ಗದ ಕೂಲಿಯಂತೆ ಬಳಸಿಕೊಳ್ಳುತ್ತಾರೆ. ಇಡೀ ವರ್ಷ ಒಂದೇ ಮೆಷಿನ್ನಿನ ಮುಂದೆ ನಿಲ್ಲಿಸಿ, ಪೆಟ್ಟಿಗೆ ಎತ್ತಿಸಿ ಕಳಿಸಿಬಿಡುತ್ತಾರೆ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ. ಒಬ್ಬ ಹುಡುಗನ ಒಂದು ವರ್ಷ ಸಣ್ಣದಲ್ಲ. ಆದ್ದರಿಂದ ಸೇರುವ ಮೊದಲು ಕೇಳಿ: ಕಲಿಸುವವರು ಯಾರು? ಎಷ್ಟು ವಿಭಾಗಗಳಲ್ಲಿ ತಿರುಗಿಸುತ್ತಾರೆ? ಹೋದ ವರ್ಷದ ಹುಡುಗರಲ್ಲಿ ಎಷ್ಟು ಮಂದಿಯನ್ನು ಉಳಿಸಿಕೊಂಡರು? ಕರಾರು ಪೋರ್ಟಲ್‌ನಲ್ಲಿ ನೋಂದಣಿ ಆಗುತ್ತದಾ? ಈ ನಾಲ್ಕಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಬೇರೆ ಕಡೆ ನೋಡಿ.

ಡಿಗ್ರಿಯೂ ಬೇಕು, ಕೆಲಸವೂ ಬೇಕು ಅನ್ನುವವರಿಗೆ ಈಗ ಮಧ್ಯದ ದಾರಿಯೂ ಇದೆ. ಪದವಿಯ ಕೆಲವು ಸೆಮಿಸ್ಟರ್‌ಗಳನ್ನು ಅಪ್ರೆಂಟಿಸ್ ಆಗಿ ಕಳೆಯುವ, ಅದಕ್ಕೆ ಸ್ಟೈಪೆಂಡೂ ಅಂಕವೂ ಸಿಗುವ ಪದವಿಗಳಿಗೆ ಯುಜಿಸಿ 2025ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಬಿಎಸ್‌ಸಿ, ಬಿಕಾಂ ಸೇರುವವರು ಆ ಕಾಲೇಜಿನಲ್ಲಿ ಇದಿದೆಯಾ ಅಂತ ಕೇಳಿ ನೋಡಬೇಕು.

ಈಗ ನಿಮ್ಮ ಯಜಮಾನರಿಗೆ ಒಂದು ಮಾತು. ಅಣ್ಣ, ನೀವು ಪಟ್ಟ ಕಷ್ಟ ಮಗ ಪಡಬಾರದು ಅನ್ನುವುದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಊರಿಂದ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕೈ ತೊಳೆದು ರಾತ್ರಿ ಶಾಲೆಯ ಬೆಂಚಿನ ಮೇಲೆ ನಿದ್ದೆಗಣ್ಣಲ್ಲಿ ಕೂತು ಓದಿದ್ದು ಈ ಮುಂಬಯಿಯ ಕನ್ನಡಿಗರ ದೊಡ್ಡ ಸಂಗತಿ. ಹಾಗೆ ಓದಿದವರಲ್ಲಿ ಬ್ಯಾಂಕ್ ಅಧಿಕಾರಿಗಳಾದವರಿದ್ದಾರೆ, ವಕೀಲರಾದವರಿದ್ದಾರೆ, ಸ್ವಂತ ಹೋಟೆಲು ಕಟ್ಟಿದವರಿದ್ದಾರೆ. ಆದರೆ ಆ ಕಷ್ಟದಲ್ಲಿ ಎರಡು ಭಾಗವಿತ್ತು. ಹಸಿವು, ನಿದ್ದೆಗೆಡುವುದು, ಧಣಿಯ ಬೈಗುಳ ಒಂದು ಭಾಗ. ಅದು ಯಾವ ಮಗುವಿಗೂ ಬೇಡ. ಕೆಲಸ ಮಾಡುತ್ತಾ ಕಲಿಯುವುದು, ತಿಂಗಳ ಕೊನೆಗೆ ತನ್ನದೇ ದುಡ್ಡು ಎಣಿಸುವುದು ಇನ್ನೊಂದು ಭಾಗ. ನೀವು ಇವತ್ತು ಮ್ಯಾನೇಜರ್ ಕುರ್ಚಿಯಲ್ಲಿ ಕೂತಿರುವುದು ಆ ಎರಡನೆಯ ಭಾಗದಿಂದ. ಮಗನಿಂದ ಮೊದಲನೆಯದನ್ನು ದೂರ ಇಡಿ. ಎರಡನೆಯದನ್ನು ಕಿತ್ತುಕೊಳ್ಳಬೇಡಿ.

ಮಹಾರಾಷ್ಟ್ರದಲ್ಲಿ ಇದಕ್ಕೆ ಹಳೆಯ ಮರ್ಯಾದೆಯೂ ಇದೆ. ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿದಾಗ, ಬಡ ಮಕ್ಕಳು ದುಡಿದು ಓದಲಿ, ಯಾರ ಮುಂದೆಯೂ ಕೈಚಾಚುವುದು ಬೇಡ ಅನ್ನುವುದೇ ಅದರ ತಳಹದಿಯಾಗಿತ್ತು. ಅವರ ಹಿರಿಯರು ನಮ್ಮ ಮೂಡಬಿದ್ರೆಯ ಕಡೆಯಿಂದ ಬಂದವರು ಅಂತ ಹೇಳುತ್ತಾರೆ. ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದಲ್ಲಿ ದುಡಿಯುತ್ತಾ ಕಲಿಯುವ ಯೋಜನೆ ಇವತ್ತಿಗೂ ಅವರ ಹೆಸರಿನಲ್ಲೇ ನಡೆಯುತ್ತಿದೆ. ಡಿಗ್ರಿ ಕಾಲೇಜಿಗೆ ಹೋದರೂ ಗಂಟೆ ಲೆಕ್ಕದಲ್ಲಿ ದುಡಿಯುವ ಇಂಥ ಅವಕಾಶವನ್ನು ಮಗ ಹುಡುಕಬಹುದು.

ಇನ್ನು ಚಿನ್ನ. ಅಕ್ಕ, ಆ ಚಿನ್ನದಲ್ಲಿ ಮಗಳ ಪಾಲೂ ಇದೆ. ನಿಮ್ಮ ಪತ್ರದಲ್ಲಿ ಅವಳ ಬಗ್ಗೆ ಬಂದದ್ದು ಒಂದೇ ಸಾಲು. ನನಗೆ ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಅದೇ. ಮೂರು ವರ್ಷ ಕಳೆದರೆ ಅವಳೂ ಹನ್ನೆರಡನೆಯಲ್ಲಿರುತ್ತಾಳೆ. ಆಗ ಅಣ್ಣನ ಸಾಲದ ಬಡ್ಡಿ ಓಡುತ್ತಿರುತ್ತದೆ, ಚಿನ್ನ ಅಡವಿನಲ್ಲಿರುತ್ತದೆ, ಅವಳ ಮುಂದೆ "ನಿನಗೆ ಹತ್ತಿರದ ಕಾಲೇಜು ಸಾಕು" ಅನ್ನುವ ಮಾತು ಬರುತ್ತದೆ. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ಓದು ನಿಂತದ್ದು ಯಾರೋ ಬೇಡ ಅಂದದ್ದರಿಂದ ಅಲ್ಲ, ಅವಳ ಸರದಿ ಬರುವಾಗ ದುಡ್ಡು ಮುಗಿದಿದ್ದರಿಂದ. ಆದ್ದರಿಂದ ಮಗನ ಓದಿಗೆ ಒಂದು ಮಿತಿ ಹಾಕಿ. ಅಷ್ಟೇ ದುಡ್ಡು ಅವಳಿಗೂ ಇದೆ ಅಂತ ಇಬ್ಬರ ಎದುರಿಗೇ ಹೇಳಿ. ಆ ಮಿತಿಯ ಒಳಗೆ ಏನು ಓದಬೇಕು ಅನ್ನುವುದನ್ನು ಅವನು ಆರಿಸಲಿ. 2024ರಿಂದ ಮಹಾರಾಷ್ಟ್ರದಲ್ಲಿ 8 ಲಕ್ಷದೊಳಗಿನ ಆದಾಯದ ಇಡಬ್ಲ್ಯುಎಸ್ (ಆರ್ಥಿಕವಾಗಿ ಹಿಂದುಳಿದವರು), ಎಸ್‌ಇಬಿಸಿ (ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದವರು), ಒಬಿಸಿ ವರ್ಗದ ಹುಡುಗಿಯರಿಗೆ ವೃತ್ತಿಪರ ಕೋರ್ಸ್‌ಗಳ ಟ್ಯೂಷನ್ ಮತ್ತು ಪರೀಕ್ಷಾ ಶುಲ್ಕ ಪೂರ್ತಿ ಮಾಫಿ ಇದೆ. ಅವಳು ಆ ಯಾವುದಾದರೂ ವರ್ಗಕ್ಕೆ ಬರುತ್ತಾಳಾ, ಇಲ್ಲಿನ ಪ್ರಮಾಣಪತ್ರ ಸಿಗುತ್ತದಾ ಅಂತ ಈಗಿನಿಂದಲೇ ವಿಚಾರಿಸಿ.

ಪಿಜ್ಜಾ, ಶೂಗಳ ವಿಷಯ. ಅಪ್ಪನ ಫೋನಿನ ಪಿನ್ ಈ ದಿನವೇ ಬದಲಾಯಿಸಿ. ಅಪ್ಪನ ಖಾತೆಯಲ್ಲಿ ಎಷ್ಟಿದೆ, ಅದು ಯಾವುದಕ್ಕೆ ಎತ್ತಿಟ್ಟದ್ದು ಅಂತ ಗೊತ್ತಿಲ್ಲದ ಹುಡುಗನಿಗೆ ಅಲ್ಲಿಂದ ಹೋಗುವ ದುಡ್ಡು ದುಡ್ಡಾಗಿ ಕಾಣುವುದೇ ಇಲ್ಲ. ಅವನ ಹೆಸರಿನಲ್ಲೇ ಖಾತೆ ತೆರೆಯಿರಿ. ಹತ್ತು ವರ್ಷ ದಾಟಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಡೆಸಬಹುದು ಎಂದು ರಿಸರ್ವ್ ಬ್ಯಾಂಕ್ 2025ರಲ್ಲಿ ಬ್ಯಾಂಕುಗಳಿಗೆ ಹೇಳಿದೆ. ದೊಡ್ಡವರ ಖಾತೆಯಿಂದಲೇ ಮಿತಿ ಹಾಕಿ ಖರ್ಚು ಮಾಡಲು ಬಿಡುವ ಯುಪಿಐ ಸರ್ಕಲ್ ಕೂಡ ಇದೆ. ಆದರೆ 17ರ ಹುಡುಗನಿಗೆ ನಾನು ಅದನ್ನು ಹೇಳುವುದಿಲ್ಲ. ಅಲ್ಲಿ ಮುಗಿಯುವುದು ಅಪ್ಪನ ದುಡ್ಡು. ಅವನ ಖಾತೆಯಲ್ಲಿ ಅವನ ದುಡ್ಡೇ ಮುಗಿಯಬೇಕು.

ತಿಂಗಳ ಮೊದಲ ತಾರೀಕಿಗೆ ಒಂದು ಮೊತ್ತ ಹಾಕಿ. ಬರೀ ಪಾಕೆಟ್ ಮನಿ ಅಂತ ಬೇಡ. ಫೋನ್ ರೀಚಾರ್ಜ್, ಟ್ರೈನ್ ಪಾಸ್, ಕ್ಯಾಂಟೀನು, ಕ್ಷೌರ, ಬಟ್ಟೆ, ಚಪ್ಪಲಿ, ಗೆಳೆಯರ ಹುಟ್ಟುಹಬ್ಬ ಎಲ್ಲ ಅದರಲ್ಲೇ ಬರಲಿ. ಈಗ ಅವನಿಗೆ ಇವುಗಳಿಗೆ ನಿಜವಾಗಿ ಎಷ್ಟು ಹೋಗುತ್ತಿದೆ ಅಂತ ಎರಡು ತಿಂಗಳ ಲೆಕ್ಕ ನೋಡಿ, ಅದಕ್ಕಿಂತ ಸ್ವಲ್ಪ ಕಡಿಮೆ ಇಡಿ. ಉಳಿದರೆ ಅವನದು. 20ನೆಯ ತಾರೀಕಿಗೆ ಮುಗಿದರೆ ಡಬ್ಬಿ ಕಟ್ಟಿಕೊಂಡು ಹೋಗಲಿ. ಬೈಯಬೇಡಿ, ಮತ್ತೆ ಹಾಕಲೂ ಬೇಡಿ. ಕಷ್ಟವಾಗುವುದು ಇಲ್ಲೇ. ಅವನು ಸಪ್ಪೆ ಮುಖ ಮಾಡಿಕೊಂಡು ಬಂದಾಗ ನಿಮ್ಮ ಕರುಳು ಕರಗುತ್ತದೆ. ಊರಿಂದ ಬಂದ ಅಜ್ಜಿ ಗುಟ್ಟಾಗಿ 200 ರೂಪಾಯಿ ಕೈಗಿಡುತ್ತಾರೆ. ಅವರಿಗೂ ಮೊದಲೇ ಹೇಳಿಡಿ. ಮೂರು ತಿಂಗಳು ನೀವು ಗಟ್ಟಿಯಾಗಿ ನಿಂತರೆ ಶೂ ಕೊಳ್ಳುವ ಮೊದಲು ಅವನು ತಾನೇ ಎರಡು ಸಲ ನೋಡುತ್ತಾನೆ.

ಇದನ್ನು ಈಗಲೇ ಮಾಡಬೇಕು. ಅವನಿಗೆ 18 ಆಗುತ್ತಿದ್ದಂತೆ ಕ್ರೆಡಿಟ್ ಕಾರ್ಡು, ಸಾಲದ ಆ್ಯಪ್‌ಗಳು ಬಾಗಿಲು ತಟ್ಟುತ್ತವೆ. ಸಣ್ಣ ಮೊತ್ತದಲ್ಲಿ ಕೈ ಸುಟ್ಟುಕೊಳ್ಳುವುದು ನಿಮ್ಮ ಮನೆಯೊಳಗೇ ಆಗಲಿ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕಾನೂನು ನಿಷೇಧಿಸಿದೆ. ಅವನ ಲೆಕ್ಕದಲ್ಲಿ ಅಂಥದ್ದು ಕಂಡರೆ ಮಾತ್ರ ಸುಮ್ಮನಿರಬೇಡಿ.

ಪರೀಕ್ಷೆ ಮುಗಿದು ಕಾಲೇಜು ಶುರುವಾಗುವವರೆಗೆ ಕೆಲವು ವಾರ ಸಿಗುತ್ತದೆ. ಆಗ ಅಪ್ಪನ ಜೊತೆ ಹೋಟೆಲಿಗೆ ಕಳಿಸಿ. 14ರಿಂದ 18ರ ಮಕ್ಕಳು ಅಪಾಯವಿಲ್ಲದ ಕೆಲಸ ಮಾಡಲು ಕಾನೂನು ಬಿಡುತ್ತದೆ. ಅಡುಗೆಮನೆಯ ಬೆಂಕಿ, ಬಾಯ್ಲರ್ ಹತ್ತಿರ ಬೇಡ. ಸ್ಟೋರಿನ ಪುಸ್ತಕ ಬರೆಯಲಿ. ಬೆಳಗಿನ ಜಾವ ವಾಶಿಯ ಎಪಿಎಂಸಿ ಮಾರ್ಕೆಟ್ಟಿಗೆ ಹೋಗುವವರ ಜೊತೆ ಹೋಗಲಿ. ತರಕಾರಿಯ ದರ, 19 ಕೆ.ಜಿ. ಸಿಲಿಂಡರಿನ ಬಿಲ್ಲು, ಜಾಗದ ಬಾಡಿಗೆ, ಹುಡುಗರ ಸಂಬಳ ಎಲ್ಲ ಕಳೆದು ಒಂದು ಪ್ಲೇಟ್ ಇಡ್ಲಿಯಲ್ಲಿ ಧಣಿಗೆ ಎಷ್ಟು ಉಳಿಯುತ್ತದೆ ಅಂತ ಅವನೇ ಲೆಕ್ಕ ಹಾಕಲಿ. ಅಪ್ಪನ 48,000 ಎಲ್ಲಿಂದ ಬರುತ್ತದೆ ಅಂತ ಅವನು ನೋಡಿಯೇ ಇಲ್ಲ, ಅಲ್ವಾ? ಧಣಿಯ ಹತ್ತಿರ ಮಾತಾಡಿ ಆ ಕೆಲಸಕ್ಕೆ ಸಂಬಳ ಕೊಡಿಸಿ. ಪುಕ್ಕಟೆ ದುಡಿಸಬೇಡಿ. ಆ ದುಡ್ಡು ಅವನ ಖಾತೆಗೇ ಹೋಗಲಿ. ಮನೆಯ ಕರೆಂಟ್ ಬಿಲ್ಲು, ಸೊಸೈಟಿಯ ಮೆಂಟೆನೆನ್ಸ್ ಕಟ್ಟುವ ಕೆಲಸವನ್ನೂ ಅವನಿಗೇ ಒಪ್ಪಿಸಿ.

ಅವನು ಎಲ್ಲ ನೋಡಿದ ಮೇಲೂ "ನನಗೆ ಕಂಪ್ಯೂಟರೇ ಬೇಕು" ಅಂದರೆ? ಬೇಕೆನ್ನಲಿ. ಕ್ಯಾಪ್‌ನಲ್ಲಿ ಸೀಟು ಸಿಕ್ಕು, ಅರ್ಧ ಫೀಸು ವಿದ್ಯಾರ್ಥಿವೇತನದಿಂದ ಬಂದು, ಉಳಿದದ್ದು ನೀವು ಹಾಕಿದ ಮಿತಿಯೊಳಗೆ ಇದ್ದರೆ ಸಂತೋಷದಿಂದ ಕಳಿಸಿ. ಸಿಗದಿದ್ದರೆ ಕಂಪ್ಯೂಟರ್ ಡಿಪ್ಲೊಮಾ ಇದೆ, ಅನುದಾನಿತ ಕಾಲೇಜಿನ ಬಿಎಸ್‌ಸಿ ಇದೆ. ಆಪ್ಷನ್ ಫಾರ್ಮ್ ತುಂಬುವ ಮೊದಲು ಎರಡು ದಿನ ಪಿಂಪ್ರಿಗೆ ಸೋದರಮಾವನ ಮನೆಗೆ ಕಳಿಸಿ. ಅಲ್ಲಿ ಅಪ್ರೆಂಟಿಸ್ ಆಗಿರುವ ಹುಡುಗರ ಜೊತೆ ಅವನೇ ಮಾತಾಡಲಿ. ಅಪ್ಪ-ಅಮ್ಮ ಹೇಳಿದ್ದಕ್ಕಿಂತ ಆ ಹುಡುಗರು ಹೇಳಿದ್ದು ಅವನ ಮನಸ್ಸಿಗೆ ಹೋಗುತ್ತದೆ. ಹಿಡಿಸದಿದ್ದರೆ ಬಲವಂತ ಮಾಡಬೇಡಿ.

ನೀವು ಈ ವಾರ ಮಾಡಬೇಕಾದ್ದು ಒಂದಿದೆ. ಆದಾಯ ಪ್ರಮಾಣಪತ್ರ ಮತ್ತು ಡೊಮಿಸೈಲ್‌ಗೆ ಅರ್ಜಿ ಹಾಕಿ. ಡೊಂಬಿವಲಿ ಕಲ್ಯಾಣ್ ತಾಲೂಕಿಗೆ ಸೇರಿದ್ದು, ಅಲ್ಲಿನ ತಹಶೀಲ್ದಾರ್ ಕಚೇರಿಗೆ ಸೇರಿದ, ಇಂಥ ಅರ್ಜಿ ತೆಗೆದುಕೊಳ್ಳುವ ಸೇತು ಕೇಂದ್ರದಲ್ಲಿ ಅಥವಾ ರಾಜ್ಯ ಸರ್ಕಾರದ ಆಪಲೆ ಸರ್ಕಾರ್ ಪೋರ್ಟಲ್‌ನಲ್ಲಿ ಆಗುತ್ತದೆ. ರಿಸಲ್ಟ್ ಬಂದ ಮೇಲೆ ಅಲ್ಲಿ ಸಾಲು ಉದ್ದವಾಗಿರುತ್ತದೆ. ರೇಷನ್ ಕಾರ್ಡು, ಯಜಮಾನರ ಸಂಬಳದ ಚೀಟಿ, ಮಗನ ಶಾಲೆ ಬಿಟ್ಟ ಪ್ರಮಾಣಪತ್ರ ತೆಗೆದುಕೊಂಡು ಹೋಗಿ. ಜೊತೆಗೆ ಮಗನನ್ನೂ ಕರೆದುಕೊಂಡು ಹೋಗಿ, ಫಾರ್ಮ್ ಅವನೇ ತುಂಬಲಿ.